ಇಕ್ಕಳ ಬಳಸುವುದು ಹೇಗೆ? ಮೊಳೆಯಿಂದ ಮುಳ್ಳಿನವರೆಗೆ

ಇಕ್ಕಳ ಅಂದ ತಕ್ಷಣ ಒಬ್ಬೊಬ್ಬರಿಗೆ ಒಂದೊಂದು ನೆನಪಾಗುತ್ತದೆ. ಬಿಸಿ ಪಾತ್ರೆ ಇಳಿಸುವುದು ಇಕ್ಕಳ. ಬಡಗಿ ಮೊಳೆ ಕೀಳುವುದೂ ಇಕ್ಕಳದಿಂದಲೇ. ಕಮ್ಮಾರ ಕೆಂಪಗೆ ಕಾದ ಕಬ್ಬಿಣ ಹಿಡಿಯುವುದು, ದಂತವೈದ್ಯರು ಹಲ್ಲು ತೆಗೆಯುವುದು, ಎಲ್ಲದಕ್ಕೂ ಇದೇ ಹೆಸರು. ಕೆಲವರು ಇಕ್ಕುಳ ಎನ್ನುತ್ತಾರೆ. ಏಡಿಯ ಮುಂಗಾಲಿಗೂ ಈ ಪದ ಚೆನ್ನಾಗಿ ಒಪ್ಪುತ್ತದೆ. ಎರಡು ತೋಳು, ಅವು ಸೇರುವ ಒಂದು ಕೀಲು, ಸಿಕ್ಕಿದ್ದನ್ನು ಬಿಡದ ಬಾಯಿ. ಇಷ್ಟಿದ್ದರೆ ಅದನ್ನು ಇಕ್ಕಳ ಅನ್ನಬಹುದು.

ಹೆಸರು ಒಂದೇ ಅಂತ ಎಲ್ಲ ಕೆಲಸಕ್ಕೂ ಒಂದೇ ಇಕ್ಕಳ ಸಾಲುವುದಿಲ್ಲ. ಹೆಚ್ಚಿನ ಮನೆಗಳಲ್ಲಿ ಒಂದು ಕಟಿಂಗ್ ಪ್ಲೇಯರ್ ಇರುತ್ತದೆ. ಮೊಳೆ ಕೀಳಲು, ನಟ್ ಬಿಚ್ಚಲು, ತಂತಿ ಕತ್ತರಿಸಲು ಎಲ್ಲಕ್ಕೂ ಅದೇ. ಮೊಳೆ ಬರದಿದ್ದಾಗ ಕೈಯಲ್ಲಿ ಬಲ ಸಾಲದು ಅಂದುಕೊಂಡು ಇನ್ನೂ ಜೋರಾಗಿ ಎಳೆಯುತ್ತೇವೆ. ಆದರೆ ಹೆಚ್ಚಿನ ಸಲ ಕೊರತೆ ಇರುವುದು ಬಲದಲ್ಲಲ್ಲ. ಹಿಡಿದ ಜಾಗ ತಪ್ಪಿರುತ್ತದೆ, ಇಲ್ಲವೇ ಬಾಯಿಯ ಆಕಾರ ಆ ಕೆಲಸಕ್ಕೆ ಮಾಡಿದ್ದಾಗಿರುವುದಿಲ್ಲ. ಇವೆರಡನ್ನು ಸರಿ ಮಾಡಿಕೊಂಡರೆ ಅರ್ಧ ಕೆಲಸ ಹಗುರವಾಗುತ್ತದೆ.

ಬಲ ಎಲ್ಲಿಂದ ಬರುತ್ತದೆ

ಇಕ್ಕಳ ಅಂದರೆ ಒಂದೇ ಕೀಲಿನ ಮೇಲೆ ತಿರುಗುವ ಎರಡು ಸನ್ನೆಕೋಲು. ಕೀಲಿನಿಂದ ನಿಮ್ಮ ಕೈ ಎಷ್ಟು ದೂರ ಇದೆ, ವಸ್ತು ಎಷ್ಟು ದೂರ ಇದೆ ಅನ್ನುವುದರ ಮೇಲೆ ಹಿಡಿತದ ಬಲ ನಿಂತಿದೆ.

ಒಂದು ಲೆಕ್ಕ ನೋಡಿ. ಕೈ ಕೀಲಿನಿಂದ 12 ಸೆಂ.ಮೀ. ದೂರದಲ್ಲಿದೆ. ತಂತಿಯನ್ನು ಬಾಯಿಯ ಒಳಗೆ ತಳ್ಳಿದ್ದೀರಿ, ಕೀಲಿನಿಂದ 1.5 ಸೆಂ.ಮೀ. ದೂರಕ್ಕೆ. 12ನ್ನು 1.5ರಿಂದ ಭಾಗಿಸಿದರೆ 8. ನಿಮ್ಮ ಕೈಯ ಬಲ ಸುಮಾರು 8 ಪಟ್ಟಾಗಿ ತಂತಿಯ ಮೇಲೆ ಬೀಳುತ್ತದೆ. ಅದೇ ತಂತಿಯನ್ನು ಬಾಯಿಯ ತುದಿಯಲ್ಲಿ, 4 ಸೆಂ.ಮೀ. ದೂರದಲ್ಲಿ ಹಿಡಿದರೆ 3 ಪಟ್ಟು ಮಾತ್ರ. ಕೈ ಬದಲಾಗಿಲ್ಲ, ಸಾಧನವೂ ಬದಲಾಗಿಲ್ಲ. ಇನ್ನು ಕೈಯೂ ಜಾರಿ ಕೀಲಿಗೆ 6 ಸೆಂ.ಮೀ. ಹತ್ತಿರ ಬಂದರೆ ತುದಿಯಲ್ಲಿ ಉಳಿಯುವುದು ಒಂದೂವರೆ ಪಟ್ಟು. ಕೀಲಿನ ಉಜ್ಜಾಟದಲ್ಲಿ ಅದರಲ್ಲೂ ಸ್ವಲ್ಪ ಕಳೆಯುತ್ತದೆ.

ಆದ್ದರಿಂದ ಬಲ ಬೇಕಾದ ಕೆಲಸದಲ್ಲಿ ಎರಡು ಅಭ್ಯಾಸ ಮಾಡಿಕೊಳ್ಳಿ. ವಸ್ತುವನ್ನು ಆದಷ್ಟು ಕೀಲಿನ ಹತ್ತಿರ ತನ್ನಿ. ಕೈಯನ್ನು ಆದಷ್ಟು ಹಿಡಿಯ ಕೊನೆಗೆ ಒಯ್ಯಿರಿ.

ಎಲ್ಲ ಇಕ್ಕಳದಲ್ಲೂ ಕೀಲು ನಡುವೆಯೇ ಇರುವುದಿಲ್ಲ. ಗಟ್ಟಿ ಕಾಯಿ ಒಡೆಯುವ ಇಕ್ಕಳದಲ್ಲಿ ಕೀಲು ಒಂದು ತುದಿಯಲ್ಲಿ, ಕೈ ಇನ್ನೊಂದು ತುದಿಯಲ್ಲಿ, ಕಾಯಿ ನಡುವೆ. ಅಲ್ಲೂ ಬಲ ಹೆಚ್ಚುತ್ತದೆ. ಚಿಮಟದಲ್ಲಿ ಮಾತ್ರ ಲೆಕ್ಕ ತಿರುಗುಮುರುಗು. ಎರಡು ತೋಳು ಹಿಂದೆ ಒಂದಾಗಿವೆ, ಬೆರಳು ನಡುವೆ ಒತ್ತುತ್ತದೆ, ವಸ್ತು ತುದಿಯಲ್ಲಿದೆ. ಇಲ್ಲಿ ಬಲ ಕಡಿಮೆಯಾಗುತ್ತದೆ. ಬೆರಳಿನ ಸಣ್ಣ ಚಲನೆ ತುದಿಯಲ್ಲಿ ದೊಡ್ಡದಾಗುತ್ತದೆ. ನಾಜೂಕಿನ ವಸ್ತುವನ್ನು ಜಜ್ಜದೆ ಎತ್ತಲು ಬೇಕಾದದ್ದೂ ಅದೇ. ಚಿಮಟದಿಂದ ಮೊಳೆ ಎಳೆಯುವುದು ಎಷ್ಟು ವ್ಯರ್ಥವೋ, ಪ್ಲೇಯರ್‌ನಿಂದ ಮುಳ್ಳು ತೆಗೆಯುವುದೂ ಅಷ್ಟೇ ಅಪಾಯ.

ಯಾವ ಕೆಲಸಕ್ಕೆ ಯಾವ ಇಕ್ಕಳ

ಸಾಧನ ಕೈಗೆತ್ತಿಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಹಿಡಿದ ಮೇಲೆ ಏನು ಮಾಡಬೇಕು: ಕೀಳಬೇಕಾ, ತಿರುಗಿಸಬೇಕಾ, ಕತ್ತರಿಸಬೇಕಾ, ಸುಮ್ನೆ ಎತ್ತಿ ಇಡಬೇಕಾ? ವಸ್ತು ದುಂಡಗಿದೆಯಾ, ಚಪ್ಪಟೆಯಾ, ಮೂಲೆಗಳಿವೆಯಾ? ಅದರ ಮೇಲೆ ಹಲ್ಲಿನ ಗುರುತು ಬಿದ್ದರೆ ಪರವಾಗಿಲ್ಲವಾ?

ಮೊಳೆ ಕೀಳಲು ಪಿನ್ಸರ್ ಬೇಕು. ಅದರ ಬಾಯಿ ಹಿಡಿಗೆ ಅಡ್ಡವಾಗಿ ಮುಚ್ಚುತ್ತದೆ. ತಲೆ ಗುಂಡಗಿರುತ್ತದೆ, ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ. ಕೆಲವು ಪಿನ್ಸರ್‌ಗಳ ಒಂದು ಹಿಡಿಯ ಕೊನೆ ಸೀಳಿರುತ್ತದೆ, ಸಣ್ಣ ಮೊಳೆಯ ತಲೆಯ ಕೆಳಗೆ ತೂರಿಸಲು. ಕಟ್ಟಡದ ಕೆಲಸದಲ್ಲಿ ಸರಳು ಕಟ್ಟುವವರು ಉದ್ದ ಹಿಡಿಯ ಪಿನ್ಸರ್ ಬಳಸುತ್ತಾರೆ. ಬೈಂಡಿಂಗ್ ವೈರನ್ನು ಬಾಯಿಯಲ್ಲಿ ಹಿಡಿದು, ತಿರುಚಿ, ಬಿಗಿಯಾದ ಮೇಲೆ ಅದೇ ಬಾಯಿಯಿಂದ ಕತ್ತರಿಸುತ್ತಾರೆ. ಸಾಧನ ಕೆಳಗಿಡದೆ ಮೂರೂ ಕೆಲಸ ಮುಗಿಯುತ್ತದೆ.

ಕಟಿಂಗ್ ಪ್ಲೇಯರ್‌ನ ಬಾಯಿಯನ್ನು ಗಮನವಿಟ್ಟು ನೋಡಿದವರು ಕಡಿಮೆ. ಅದರಲ್ಲಿ ಮೂರು ಭಾಗ ಇವೆ. ತುದಿಯಲ್ಲಿ ಗೆರೆಗಳಿರುವ ಚಪ್ಪಟೆ ಜಾಗ, ತಗಡು ಮತ್ತು ತಂತಿ ಹಿಡಿಯಲು. ಅದರ ಹಿಂದೆ ಬಾಗಿದ ಹಲ್ಲುಗಳ ಜಾಗ, ದುಂಡು ವಸ್ತು ಹಿಡಿಯಲು. ಕೀಲಿನ ಪಕ್ಕದಲ್ಲಿ ಕತ್ತರಿಸುವ ಅಂಚು. ಆ ಅಂಚು ಕೀಲಿನ ಹತ್ತಿರವೇ ಇರುವುದೇಕೆ ಅಂತ ಮೇಲಿನ ಲೆಕ್ಕ ನೋಡಿದವರಿಗೆ ಹೇಳಬೇಕಿಲ್ಲ, ಅಲ್ವಾ?

ಇಕ್ಕಟ್ಟಾದ ಜಾಗಕ್ಕೆ ಉದ್ದ ಮೂತಿಯ ನೋಸ್ ಪ್ಲೇಯರ್. ತಂತಿ ಬಾಗಿಸಲು, ಬಿದ್ದ ಸಣ್ಣ ತಿರುಪು ಎತ್ತಲು ಇದು ಹೇಳಿ ಮಾಡಿಸಿದ್ದು. ಬಲವಾಗಿ ತಿರುಚಲು ಹೋಗಬೇಡಿ. ತುದಿಗಳು ಒಮ್ಮೆ ಸೊಟ್ಟಗಾದರೆ ಮತ್ತೆ ಸರಿಯಾಗಿ ಕೂಡುವುದಿಲ್ಲ.

ಪೈಪಿಗೆ ಬಾಯಿ ಹಿಗ್ಗಿಸಬಹುದಾದ ವಾಟರ್ ಪಂಪ್ ಪ್ಲೇಯರ್ ಒಳ್ಳೆಯದು. ತಿರುಗಿಸುವಾಗ ಬಾಯಿ ಇನ್ನಷ್ಟು ಬಿಗಿಯಾಗಬೇಕು. ಸಡಿಲವಾಗಿ ಜಾರುತ್ತಿದೆ ಅನಿಸಿದರೆ ಸಾಧನವನ್ನು ಮಗುಚಿ ಹಿಡಿಯಿರಿ.

ನಟ್ ಮತ್ತು ಬೋಲ್ಟ್ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಸ್ಪ್ಯಾನರ್ ಇರುವಾಗ ಯಾವ ಇಕ್ಕಳವನ್ನೂ ಮುಟ್ಟಬೇಡಿ. ಇಕ್ಕಳದ ಹಲ್ಲು ನಟ್‌ನ ಮೂಲೆಗಳನ್ನು ಸವೆಸುತ್ತದೆ. ಎರಡು ಮೂರು ಸಲ ಜಾರಿದರೆ ನಟ್ ದುಂಡಗಾಗಿ, ಆಮೇಲೆ ಸ್ಪ್ಯಾನರ್‌ಗೂ ಸಿಗುವುದಿಲ್ಲ.

ಹಾಗೆ ಮೂಲೆ ಸವೆದ ನಟ್‌ಗೆ ಉಳಿಯುವ ದಾರಿ ಲಾಕಿಂಗ್ ಪ್ಲೇಯರ್. ಅಮೆರಿಕದ ನೆಬ್ರಾಸ್ಕದಲ್ಲಿದ್ದ ವಿಲಿಯಂ ಪೀಟರ್ಸನ್ ಎಂಬ ಕಮ್ಮಾರ ಇದನ್ನು ರೂಪಿಸಿದರು. ಕೆಲಸದ ಲೋಹವನ್ನು ಕಚ್ಚಿ ಹಿಡಿದುಕೊಂಡೇ ಇರುವ ಸಾಧನ ಅವರಿಗೆ ಬೇಕಿತ್ತು. 1921ರಲ್ಲಿ ಮೊದಲ ಪೇಟೆಂಟ್ ಸಿಕ್ಕಿತು. 1924ರಲ್ಲಿ ಬಾಯಿ ತಾನೇ ಬಿಗಿಯಾಗಿ ನಿಲ್ಲುವ ಲಾಕ್ ಸೇರಿತು. ಬಳಸುವ ಕ್ರಮ ಹೀಗೆ: ಬಾಯಿಯನ್ನು ವಸ್ತುವಿನ ಮೇಲೆ ಇಟ್ಟು ಹಿಡಿ ಮುಚ್ಚಿ. ಹಿಡಿಯ ಕೊನೆಯಲ್ಲಿರುವ ತಿರುಪನ್ನು ಬಾಯಿ ವಸ್ತುವಿಗೆ ತಾಗುವವರೆಗೆ ತಿರುಗಿಸಿ. ಈಗ ಹಿಡಿ ಬಿಚ್ಚಿ, ತಿರುಪನ್ನು ಇನ್ನೊಂದು ಅರ್ಧ ಸುತ್ತು ಒಳಗೆ ಕೊಡಿ. ಮತ್ತೆ ಮುಚ್ಚಿದಾಗ 'ಟಕ್' ಅಂತ ಕೂರಬೇಕು. ಮುಚ್ಚಲು ಎರಡೂ ಕೈಯ ಬಲ ಬೇಕಾಯಿತು ಅಂದರೆ ತಿರುಪು ಜಾಸ್ತಿ ಬಿಗಿಯಾಗಿದೆ. ತೆಗೆಯುವಾಗ ಒಳಗಿನ ಸಣ್ಣ ಲಿವರ್ ಒತ್ತಿದರೆ ಹಿಡಿ ಚಿಮ್ಮಿ ತೆರೆಯುತ್ತದೆ. ಬೆರಳು ನಡುವೆ ಇಡಬೇಡಿ.

ಸರ್‌ಕ್ಲಿಪ್ ಪ್ಲೇಯರ್ ಬೇರೆಯದೇ ಜಾತಿ. ಸರ್‌ಕ್ಲಿಪ್ ಅಂದರೆ ಯಂತ್ರದ ಭಾಗ ಜಾರದಂತೆ ತಡೆಯುವ, ಬಾಯಿ ತೆರೆದ ಉಕ್ಕಿನ ಬಳೆ. ಅದರ ಚೂಪು ತುದಿಗಳು ಕ್ಲಿಪ್‌ನ ತೂತುಗಳಿಗೆ ಹೋಗುತ್ತವೆ. ರಂಧ್ರದ ಒಳಗಿನ ಕ್ಲಿಪ್ ಕುಗ್ಗಿಸಲು ಒಂದು ಬಗೆ, ದಂಡದ ಮೇಲಿನ ಕ್ಲಿಪ್ ಹಿಗ್ಗಿಸಲು ಇನ್ನೊಂದು ಬಗೆ. ಕೊಳ್ಳುವಾಗ ಯಾವುದು ಬೇಕು ಅಂತ ಗೊತ್ತಿರಲಿ. ಕ್ಲಿಪ್ ಸಿಡಿಯುತ್ತದೆ, ಕನ್ನಡಕ ಹಾಕಿಕೊಳ್ಳಿ.

ಮೊಳೆ ಕೀಳುವ ಸರಿಯಾದ ಕ್ರಮ

ಇಕ್ಕಳದ ಕೆಲಸಗಳಲ್ಲಿ ಅತಿ ಹೆಚ್ಚು ಜನ ತಪ್ಪಾಗಿ ಮಾಡುವುದು ಇದನ್ನೇ. ನೇರವಾಗಿ ಮೇಲಕ್ಕೆ ಎಳೆಯುತ್ತಾರೆ. ಮೊಳೆ ಹಠಾತ್ತನೆ ಕಿತ್ತು ಬಂದಾಗ ಕೈ ಮುಖಕ್ಕೆ ಬಡಿಯಬಹುದು. ಸರಿಯಾದ ರೀತಿ ಉರುಳಿಸುವುದು.

1. ಮೊಳೆಯ ತಲೆ ಹಲಗೆಗೆ ಅಂಟಿಕೊಂಡಿದ್ದರೆ ಮೊದಲು ಅದನ್ನು ಸ್ವಲ್ಪ ಎಬ್ಬಿಸಬೇಕು. ಮೊಳೆಯ ಚೂಪು ತುದಿ ಹಲಗೆಯ ಹಿಂದೆ ಹೊರಬಂದಿದ್ದರೆ ಅಲ್ಲಿಂದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ. ತುದಿ ಬಾಗಿಸಿದ್ದರೆ ಮೊದಲು ನೆಟ್ಟಗೆ ಮಾಡಿ. ಹಿಂದೆ ದಾರಿ ಇಲ್ಲದಿದ್ದರೆ ತಲೆಯ ಸುತ್ತ ಮರವನ್ನು ಉಳಿಯಿಂದ ಸ್ವಲ್ಪ ಕೆತ್ತಬೇಕಾಗುತ್ತದೆ.

2. ಪಿನ್ಸರ್‌ನ ಬಾಯಿಯನ್ನು ಹಲಗೆಗೆ ತಾಗಿಸಿ, ಮೊಳೆಯ ಕಂಬವನ್ನು ಆದಷ್ಟು ಕೆಳಗೆ ಹಿಡಿಯಿರಿ. ತಲೆಯನ್ನಲ್ಲ, ಕಂಬವನ್ನು.

3. ಪಿನ್ಸರ್‌ನ ತಲೆಯ ಕೆಳಗೆ ತೆಳು ಮರದ ಚಕ್ಕೆ ಅಥವಾ ದಪ್ಪ ರಟ್ಟು ಇಡಿ. ಪಿನ್ಸರ್‌ನ ಗುಂಡು ಬೆನ್ನು ಊರುವುದು ಅದರ ಮೇಲೆ. ಇಲ್ಲದಿದ್ದರೆ ಮರದಲ್ಲಿ ಕುಳಿ ಬೀಳುತ್ತದೆ.

4. ಹಿಡಿಗಳನ್ನು ಮೊಳೆ ಜಾರದಷ್ಟು ಮಾತ್ರ ಒತ್ತಿ. ಪಿನ್ಸರ್‌ನ ಬಾಯಿ ಹರಿತ. ಪೂರ್ತಿ ಬಲ ಹಾಕಿದರೆ ತೆಳು ಮೊಳೆ ಕತ್ತರಿಸಿಹೋಗುತ್ತದೆ, ಉಳಿದ ತುಂಡು ಒಳಗೇ ಉಳಿಯುತ್ತದೆ.

5. ಈಗ ಹಿಡಿಗಳನ್ನು ಒಂದು ಪಕ್ಕಕ್ಕೆ ಬಾಗಿಸಿ. ತಲೆ ತನ್ನ ಗುಂಡು ಬೆನ್ನಿನ ಮೇಲೆ ಉರುಳುತ್ತದೆ, ಮೊಳೆ ಮೇಲೇಳುತ್ತದೆ. ಇಡೀ ಪಿನ್ಸರ್ ಒಂದು ಸನ್ನೆಕೋಲಾಗುವುದು ಇಲ್ಲೇ. ಮರದ ಎಳೆ ಹೋಗುವ ದಿಕ್ಕಿಗೇ ಉರುಳಿಸಿದರೆ ಸೀಳುವುದು ಕಡಿಮೆ.

6. ಒಂದೇ ಸಲಕ್ಕೆ ಪೂರ್ತಿ ತೆಗೆಯಲು ನೋಡಬೇಡಿ. ಸ್ವಲ್ಪ ಎದ್ದ ಮೇಲೆ ಬಿಟ್ಟು, ಮತ್ತೆ ಕೆಳಗೆ ಹಿಡಿದು, ಮತ್ತೆ ಉರುಳಿಸಿ. ಉದ್ದ ಮೊಳೆಗೆ ಚಕ್ಕೆಯ ಮೇಲೆ ಇನ್ನೊಂದು ಚಕ್ಕೆ ಸೇರಿಸಿ.

ತುಕ್ಕು ಹಿಡಿದು ಅಲುಗಾಡದ ಮೊಳೆಯನ್ನು ಮೊದಲು ಸುತ್ತಿಗೆಯಿಂದ ಒಂದೇ ಒಂದು ಸಣ್ಣ ಏಟು ಕೊಟ್ಟು ಒಳಕ್ಕೆ ಕದಲಿಸಿ. ತುಕ್ಕಿನ ಅಂಟು ಬಿಟ್ಟ ಮೇಲೆ ಹೊರಗೆ ತೆಗೆಯುವುದು ಸುಲಭ. ಹಿಡಿಗೆ ಪೈಪು ತೂರಿಸಿ ಉದ್ದ ಮಾಡುವುದು, ಪಿನ್ಸರ್‌ನ ಮೇಲೆ ಸುತ್ತಿಗೆಯಿಂದ ಹೊಡೆಯುವುದು ಬೇಡ. ಕೀಲು ಸಡಿಲವಾಗುತ್ತದೆ, ಬಾಯಿ ಬಿರುಕು ಬಿಡುತ್ತದೆ.

ದಂತವೈದ್ಯರ ಕೆಲಸವೂ ಸ್ವಲ್ಪ ಹೀಗೆಯೇ. ಅವರು ಹಲ್ಲನ್ನು ನೇರವಾಗಿ ಎಳೆಯುವುದಿಲ್ಲ. ಹಲ್ಲನ್ನು ಆಚೀಚೆ ನಿಧಾನವಾಗಿ ಕದಲಿಸಿ, ಅದು ಕೂತಿರುವ ಮೂಳೆಯ ಗುಳಿಯನ್ನು ಹಿಗ್ಗಿಸಿ, ಆಮೇಲೆ ತೆಗೆಯುತ್ತಾರೆ. ಒಂದೊಂದು ಬಗೆಯ ಹಲ್ಲಿಗೆ ಒಂದೊಂದು ಆಕಾರದ ಇಕ್ಕಳ ಇರುತ್ತದೆ. ಮನೆಯಲ್ಲಿ ಯಾವ ಇಕ್ಕಳದಿಂದಲೂ ಹಲ್ಲು ಕೀಳಲು ಹೋಗಬಾರದು. ಬೇರು ಮುರಿದು ಒಳಗೆ ಉಳಿದರೆ ಸೋಂಕು ಕಾಡಬಹುದು.

ತಂತಿ ಕತ್ತರಿಸುವಾಗ, ಕರೆಂಟ್ ಇರುವಲ್ಲಿ

ತಂತಿಯನ್ನು ಅಂಚಿಗೆ ನೇರ ಅಡ್ಡವಾಗಿ ಇಟ್ಟು ಕತ್ತರಿಸಿ. ಓರೆಯಾಗಿ ಇಟ್ಟರೆ ಅಂಚು ಹಾಳಾಗುತ್ತದೆ. ಕತ್ತರಿಸಿದ ತುಂಡು ಗುಂಡಿನಂತೆ ಹಾರುತ್ತದೆ, ಆದ್ದರಿಂದ ತುದಿಯನ್ನು ನೆಲದ ಕಡೆ ತಿರುಗಿಸಿ ಅಥವಾ ಇನ್ನೊಂದು ಕೈಯಲ್ಲಿ ಹಿಡಿದುಕೊಳ್ಳಿ. ಕಣ್ಣಿಗೆ ಕನ್ನಡಕ ಇರಲಿ. ಸ್ಪ್ರಿಂಗ್‌ನಂಥ ಗಡಸು ಉಕ್ಕಿನ ತಂತಿಗೆ ಸಾಮಾನ್ಯ ಪ್ಲೇಯರ್ ಬೇಡ. ಒಮ್ಮೆ ಅಂಚಿನಲ್ಲಿ ಕಚ್ಚು ಬಿದ್ದರೆ ಆ ಜಾಗದಲ್ಲಿ ಮುಂದೆ ತೆಳು ತಾಮ್ರವೂ ತುಂಡಾಗುವುದಿಲ್ಲ.

ಇನ್ನೊಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. ಹಿಡಿಗೆ ಪ್ಲಾಸ್ಟಿಕ್ ಇದ್ದರೆ ಶಾಕ್ ಹೊಡೆಯುವುದಿಲ್ಲ ಅಂತ ಎಷ್ಟೋ ಜನ ನಂಬಿದ್ದಾರೆ. ಹೆಚ್ಚಿನ ಪ್ಲೇಯರ್‌ಗಳ ಪ್ಲಾಸ್ಟಿಕ್ ಇರುವುದು ಕೈ ಜಾರದಿರಲಿ, ನೋಯದಿರಲಿ ಅಂತ. ಕರೆಂಟ್ ಕೆಲಸಕ್ಕೆಂದೇ ಪರೀಕ್ಷಿಸಿದ ಸಾಧನದ ಹಿಡಿಯ ಮೇಲೆ ಎರಡು ತ್ರಿಕೋನದ ಗುರುತು ಮತ್ತು 1000 ವೋಲ್ಟ್ ಎಂದು ಇರುತ್ತದೆ. ಇದಕ್ಕೆ ಐಇಸಿ 60900 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ. ಆ ಗುರುತು ಇದ್ದರೂ ಪ್ಲಾಸ್ಟಿಕ್ ಸೀಳಿದ್ದರೆ, ಒದ್ದೆಯಾಗಿದ್ದರೆ ನಂಬಬೇಡಿ. ಮನೆಯಲ್ಲಿ ಕೆಲಸ ಮಾಡುವವರಿಗೆ ನಿಯಮ ಒಂದೇ: ಮೊದಲು ಮೇನ್ ಸ್ವಿಚ್ ಆರಿಸಿ, ಟೆಸ್ಟರ್‌ನಿಂದ ನೋಡಿ, ಆಮೇಲೆ ಪ್ಲೇಯರ್ ಎತ್ತಿ.

ಬಿಸಿ ಹಿಡಿಯುವಾಗ

ಬಿಸಿ ಪಾತ್ರೆಯ ಇಕ್ಕಳ ನೋಡಲು ಸರಳ. ಅದಕ್ಕೇ ನಾವು ಅದರ ಬಗ್ಗೆ ಎಚ್ಚರ ತಪ್ಪುತ್ತೇವೆ. ಕೀಲು ಅಲುಗಾಡುತ್ತಿದೆಯಾ ಅಂತ ಮೊದಲು ನೋಡಿ. ಅಲುಗಾಡುತ್ತಿದ್ದರೆ ಬಾಯಿಗಳು ಓರೆಯಾಗಿ ಕಚ್ಚುತ್ತವೆ, ಪಾತ್ರೆ ತಿರುಗಿಬಿಡುತ್ತದೆ. ಒಂದು ಬಾಯಿ ಅಂಚಿನ ಒಳಗೆ, ಇನ್ನೊಂದು ಹೊರಗೆ ಪೂರ್ತಿ ಕೂರಬೇಕು. ಪಾತ್ರೆಯನ್ನು ಬೆರಳಗಲ ಎತ್ತಿ ಒಂದು ಕ್ಷಣ ನಿಲ್ಲಿಸಿ. ವಾಲಿದರೆ ಕೆಳಗಿಟ್ಟು ಮತ್ತೆ ಹಿಡಿಯಿರಿ. ತುಂಬಿದ ದೊಡ್ಡ ಪಾತ್ರೆಗೆ ಒಂದು ಇಕ್ಕಳ ಸಾಲದು, ಎರಡೂ ಕಡೆ ಹಿಡಿಯಬೇಕು. ಇಕ್ಕಳಕ್ಕೆ ಒದ್ದೆ ಬಟ್ಟೆ ಸುತ್ತಬೇಡಿ, ನೀರು ಕಾದು ಆವಿಯಾಗಿ ಕೈ ಸುಡುತ್ತದೆ.

ಕಮ್ಮಾರರ ಹತ್ತಿರ ಕಲಿಯುವುದು ತುಂಬಾ ಇದೆ. ಅವರು ಕೈಯಲ್ಲಿರುವ ಕಬ್ಬಿಣದ ದಪ್ಪಕ್ಕೆ, ಆಕಾರಕ್ಕೆ ಹೊಂದುವ ಬಾಯಿಯ ಇಕ್ಕಳವನ್ನೇ ಆರಿಸುತ್ತಾರೆ. ಚಪ್ಪಟೆ ಪಟ್ಟಿಗೆ ಒಂದು, ದುಂಡು ಸರಳಿಗೆ ಒಂದು. ಬಾಯಿಯ ಎರಡು ಮುಖಗಳು ಲೋಹದ ಉದ್ದಕ್ಕೂ ತಾಗಬೇಕು. ತುದಿ ಮಾತ್ರ ತಾಗಿದರೆ ಸುತ್ತಿಗೆ ಬಿದ್ದಾಗ ಕೆಂಡದಂಥ ಕಬ್ಬಿಣ ಹಾರುತ್ತದೆ. ಹೆಚ್ಚು ಹೊತ್ತು ಹಿಡಿಯಬೇಕಾದಾಗ ಎರಡು ಹಿಡಿಗಳ ಮೇಲೆ ಒಂದು ಬಳೆ ಸರಿಸಿ ಬಿಗಿ ಮಾಡುತ್ತಾರೆ. ಆಗ ಕೈಗೆ ಒತ್ತುವ ಕೆಲಸ ಇಲ್ಲ, ತಿರುಗಿಸುವ ಕೆಲಸ ಮಾತ್ರ.

ಮುಳ್ಳು, ಸಿಬಿರು, ಉಣ್ಣೆ ಹುಳ

ಇಲ್ಲಿ ಚಿಮಟದ ಸರದಿ. ತುದಿಗಳು ಬೆಳಕಿಗೆ ಹಿಡಿದಾಗ ಸಂದಿಲ್ಲದೆ ಕೂಡಬೇಕು. ಕೂಡದಿದ್ದರೆ ಬೇರೆ ಚಿಮಟ ತನ್ನಿ.

ಕೈ ಮತ್ತು ಸಿಬಿರು ಹೊಕ್ಕ ಜಾಗವನ್ನು ಸೋಪಿನಿಂದ ತೊಳೆಯಿರಿ. ಮರದ ಸಿಬಿರಾದರೆ ನೀರಿನಲ್ಲಿ ನೆನೆಸಬೇಡಿ, ಅದು ಉಬ್ಬುತ್ತದೆ. ಚಿಮಟದ ತುದಿಯನ್ನು ಸ್ಪಿರಿಟ್‌ನಿಂದ ಒರೆಸಿ. ಒಳ್ಳೆಯ ಬೆಳಕಿನಲ್ಲಿ, ಬೇಕಾದರೆ ಭೂತಗನ್ನಡಿ ಇಟ್ಟು, ಅದು ಯಾವ ಕೋನದಲ್ಲಿ ಹೊಕ್ಕಿದೆ ನೋಡಿ. ಹೊರಗೆ ಕಾಣುವ ಭಾಗವನ್ನು ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ಹೊಕ್ಕ ದಾರಿಯಲ್ಲೇ ನಿಧಾನವಾಗಿ ಎಳೆಯಿರಿ. ಮೇಲಕ್ಕೆ ಎತ್ತಿದರೆ ಮುರಿಯುತ್ತದೆ. ತೆಗೆದ ಮೇಲೆ ಮತ್ತೆ ತೊಳೆಯಿರಿ. ಆಳಕ್ಕೆ ಹೋಗಿದ್ದರೆ, ಉಗುರಿನ ಕೆಳಗೆ ಅಥವಾ ಕಣ್ಣಿನ ಹತ್ತಿರ ಇದ್ದರೆ ವೈದ್ಯರ ಬಳಿ ಹೋಗಿ. ಧನುರ್ವಾಯು ಚುಚ್ಚುಮದ್ದು ಹಾಕಿಸಿ ವರ್ಷಗಳಾಗಿದ್ದರೆ ಅದನ್ನೂ ಅವರಿಗೆ ಹೇಳಿ.

ಚರ್ಮಕ್ಕೆ ಕಚ್ಚಿಕೊಂಡ ಉಣ್ಣೆ ಹುಳಕ್ಕೂ ಸಣ್ಣ ತುದಿಯ ಚಿಮಟವೇ ಸರಿ. ಅದರ ಹೊಟ್ಟೆಯನ್ನು ಹಿಡಿಯಬೇಡಿ. ಹೊಟ್ಟೆ ಹಿಂಡಿದರೆ ಒಳಗಿನ ದ್ರವ ನಿಮ್ಮ ದೇಹಕ್ಕೆ ಸೇರಬಹುದು. ಚರ್ಮಕ್ಕೆ ತಾಗುವಂತೆ ತಲೆಯ ಹತ್ತಿರ ಹಿಡಿದು, ತಿರುಚದೆ, ಜಗ್ಗದೆ, ಒಂದೇ ಸಮನೆ ಮೇಲಕ್ಕೆ ಎಳೆಯಿರಿ. ಬೆಂಕಿಕಡ್ಡಿ ತಾಗಿಸುವುದು, ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಿ ಕಾಯುವುದು ಬೇಡ. ಅದು ಕಚ್ಚಿಕೊಂಡಿರುವ ಹೊತ್ತು ಹೆಚ್ಚಿದಷ್ಟೂ ರೋಗ ಹರಡುವ ಅಪಾಯ ಹೆಚ್ಚು. ಆಮೇಲಿನ ದಿನಗಳಲ್ಲಿ ಜ್ವರ ಅಥವಾ ಚರ್ಮದ ಮೇಲೆ ಕೆಂಪು ಕಲೆ ಬಂದರೆ ವೈದ್ಯರಿಗೆ ತೋರಿಸಿ.

ಜೇನುನೊಣದ ಮುಳ್ಳಿಗೆ ಮಾತ್ರ ಚಿಮಟ ಹುಡುಕುತ್ತಾ ಕೂರಬೇಡಿ. ಉಗುರಿನಿಂದಲೋ ಕಾರ್ಡಿನ ಅಂಚಿನಿಂದಲೋ ಕೂಡಲೇ ತೆಗೆಯಿರಿ. ಮುಳ್ಳು ಒಳಗಿರುವಷ್ಟು ಹೊತ್ತು ವಿಷ ಇಳಿಯುತ್ತಲೇ ಇರುತ್ತದೆ, ಇಲ್ಲಿ ವೇಗವೇ ಮುಖ್ಯ.

ವೈದ್ಯರ ಇಕ್ಕಳಗಳದ್ದು ದೊಡ್ಡ ಲೋಕ. ರಕ್ತನಾಳ ಹಿಡಿಯುವ ಇಕ್ಕಳದ ಹಿಡಿಗಳ ನಡುವೆ ಸಣ್ಣ ಹಲ್ಲುಗಳಿವೆ. ಒತ್ತಿದರೆ ಒಂದೊಂದೇ ಹಲ್ಲಿಗೆ ಕೂತು, ಕೈ ಬಿಟ್ಟರೂ ಹಿಡಿತ ಉಳಿಯುತ್ತದೆ. ಹೆರಿಗೆಯಲ್ಲಿ ಮಗುವಿನ ತಲೆಯನ್ನು ಮೆದುವಾಗಿ ಹಿಡಿಯುವ ಇಕ್ಕಳದ ಕಥೆ ನನ್ನನ್ನು ಇಂದಿಗೂ ಕಾಡುತ್ತದೆ. ಇಂಗ್ಲೆಂಡಿನಲ್ಲಿ ನೆಲೆಸಿದ ಚೇಂಬರ್ಲೆನ್ ಎಂಬ ವೈದ್ಯ ಮನೆತನ ಅದನ್ನು ರೂಪಿಸಿ, ನೂರು ವರ್ಷಕ್ಕೂ ಹೆಚ್ಚು ಕಾಲ ಗುಟ್ಟಾಗಿ ಇಟ್ಟುಕೊಂಡಿತು. ಎಸೆಕ್ಸ್‌ನ ವುಡ್‌ಹ್ಯಾಮ್ ಮಾರ್ಟಿಮರ್ ಹಾಲ್ ಎಂಬ ಮನೆಯ ನೆಲದ ಹಲಗೆಗಳ ಕೆಳಗೆ ಅವರ ಸಾಧನಗಳು ಸಿಕ್ಕಿದ್ದು 1813ರಲ್ಲಿ. ಆ ಗುಟ್ಟು ಬೇಗ ಹೊರಬಂದಿದ್ದರೆ ಎಷ್ಟು ತಾಯಂದಿರು, ಎಷ್ಟು ಮಕ್ಕಳು ಉಳಿಯುತ್ತಿದ್ದರೋ.

ಜೀವಿಗಳ ಇಕ್ಕಳ

ಏಡಿಯ ಇಕ್ಕಳವನ್ನು ಹತ್ತಿರದಿಂದ ನೋಡಿ. ಎರಡು ಬೆರಳು ಇದ್ದಂತೆ ಕಂಡರೂ ಅಲುಗಾಡುವುದು ಒಂದೇ. ಇನ್ನೊಂದು ಸ್ಥಿರ. ಮುಚ್ಚುವ ಸ್ನಾಯು ದೊಡ್ಡದು, ತೆರೆಯುವ ಸ್ನಾಯು ಚಿಕ್ಕದು. ಇಲ್ಲೂ ಕೀಲಿನ ಲೆಕ್ಕವೇ ನಡೆಯುತ್ತದೆ. ಲಾಬ್‌ಸ್ಟರ್‌ನ ಎರಡು ಇಕ್ಕಳ ಬೇರೆ ಬೇರೆ. ಒಂದು ದಪ್ಪ, ಮೊಂಡು ಹಲ್ಲಿನದು, ನಿಧಾನ, ಚಿಪ್ಪು ಪುಡಿ ಮಾಡಲು. ಇನ್ನೊಂದು ತೆಳು, ಚೂಪು, ವೇಗದ್ದು, ಹಿಡಿದು ಹರಿಯಲು. ಬಲ ಬೇಕಾದಲ್ಲಿ ವೇಗ ಬಿಡಬೇಕು, ವೇಗ ಬೇಕಾದಲ್ಲಿ ಬಲ ಬಿಡಬೇಕು. ನಮ್ಮ ಪಿನ್ಸರ್ ಮತ್ತು ಚಿಮಟದ ನಡುವಿನ ವ್ಯತ್ಯಾಸವೂ ಇದೇ.

ಬಲದಲ್ಲಿ ತೆಂಗಿನ ಏಡಿಯನ್ನು ಮೀರಿಸುವವರು ಕಡಿಮೆ. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ದ್ವೀಪಗಳ ನೆಲದ ಮೇಲೆ ಇದು ಬದುಕುತ್ತದೆ. ಜಪಾನಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಳತೆಯಲ್ಲಿ ಇದರ ಇಕ್ಕಳ 1765 ನ್ಯೂಟನ್ ವರೆಗೆ ಒತ್ತಿತ್ತು. ಅಂದರೆ ಸುಮಾರು 180 ಕಿಲೋ ಭಾರ ಹೇರಿದಷ್ಟು. ಫಿಡ್ಲರ್ ಏಡಿಯ ಗಂಡಿಗೆ ಒಂದೇ ಒಂದು ಭಾರೀ ಇಕ್ಕಳ ಇರುತ್ತದೆ. ಅದನ್ನು ಬೀಸಿ ಹೆಣ್ಣನ್ನು ಕರೆಯುತ್ತದೆ, ಎದುರಾಳಿಯನ್ನು ಬೆದರಿಸುತ್ತದೆ. ತಿನ್ನಲು ಬಳಸುವುದು ಇನ್ನೊಂದು ಚಿಕ್ಕದನ್ನು.

ಚೇಳಿನ ವಿಷಯದಲ್ಲಿ ಇಕ್ಕಳ ಬೇರೆ, ಕೊಂಡಿ ಬೇರೆ. ಮುಂದಿನ ಇಕ್ಕಳ ಬೇಟೆ ಹಿಡಿಯಲು, ವಿಷ ಇರುವುದು ಬಾಲದ ಕೊಂಡಿಯಲ್ಲಿ. ತೆಳು ಇಕ್ಕಳ, ದಪ್ಪ ಬಾಲ ಇರುವ ಚೇಳುಗಳಲ್ಲಿ ವಿಷ ಜಾಸ್ತಿ ಇರುವುದು ಸಾಮಾನ್ಯ. ಆದರೆ ಇದನ್ನು ನಂಬಿ ಯಾವ ಚೇಳನ್ನೂ ಮುಟ್ಟಬೇಡಿ. ಕುಟುಕಿದರೆ ಆಸ್ಪತ್ರೆಗೆ ಹೋಗಿ, ಮಕ್ಕಳಾದರೆ ಒಂದು ನಿಮಿಷವೂ ತಡ ಮಾಡಬೇಡಿ. ಇಯರ್‌ವಿಗ್ ಎಂಬ ಕೀಟಕ್ಕೆ ಇಕ್ಕಳ ಇರುವುದು ಹಿಂಬದಿಯಲ್ಲಿ. ಗಂಡಿನದು ಬಾಗಿರುತ್ತದೆ, ಹೆಣ್ಣಿನದು ಹೆಚ್ಚು ನೇರ. ಅದು ಕಿವಿಗೆ ಹೊಕ್ಕು ಮೆದುಳು ಕೊರೆಯುತ್ತದೆ ಅನ್ನುವುದು ಸುಳ್ಳು.

ಏಡಿಯನ್ನು ಎತ್ತಲೇಬೇಕಾದರೆ ಹಿಂದಿನಿಂದ ಬನ್ನಿ. ಹೆಬ್ಬೆರಳು ಮತ್ತು ಬೆರಳುಗಳಿಂದ ಚಿಪ್ಪಿನ ಹಿಂಭಾಗವನ್ನು ಮೇಲೂ ಕೆಳಗೂ ಹಿಡಿಯಿರಿ, ಇಕ್ಕಳಕ್ಕೆ ಎಟುಕದ ಹಾಗೆ. ಅದು ಕೈ ಕಚ್ಚಿ ಹಿಡಿದರೆ ಜಗ್ಗಬೇಡಿ. ಜಗ್ಗಿದಷ್ಟೂ ಬಿಗಿಯಾಗುತ್ತದೆ. ಹೆದರಿದ ಏಡಿ ಇಕ್ಕಳವನ್ನೇ ಕಳಚಿ ಓಡಬಹುದು, ಕಳಚಿದ ಇಕ್ಕಳ ನಿಮ್ಮ ಬೆರಳಿನಲ್ಲೇ ಉಳಿಯುತ್ತದೆ. ಕೈಯನ್ನು ನೀರಿಗೆ ಅಥವಾ ನೆಲಕ್ಕೆ ಇಳಿಸಿ ಅಲುಗಾಡದೆ ಇರಿ. ಓಡಲು ದಾರಿ ಕಂಡರೆ ಸಾಮಾನ್ಯವಾಗಿ ಬಿಡುತ್ತದೆ. ಬಿಡದಿದ್ದರೆ ಅಲುಗಾಡುವ ಬೆರಳನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ.  ಕಳೆದುಕೊಂಡ ಇಕ್ಕಳವನ್ನು ಏಡಿ ಮುಂದೆ ಪೊರೆ ಕಳಚುವಾಗ ಮತ್ತೆ ಬೆಳೆಸಿಕೊಳ್ಳುತ್ತದೆ, ಆದರೆ ಅದಕ್ಕೆ ತುಂಬಾ ಕಾಲ ಬೇಕು.

ನಮ್ಮ ಕೈಯಲ್ಲೂ ಒಂದು ಇಕ್ಕಳ ಇದೆ. ಮಗು 9ರಿಂದ 12 ತಿಂಗಳ ನಡುವೆ ಹೆಬ್ಬೆರಳು ಮತ್ತು ತೋರುಬೆರಳ ತುದಿಯಿಂದ ಸಣ್ಣ ವಸ್ತು ಎತ್ತಲು ಕಲಿಯುತ್ತದೆ. ಅದಕ್ಕೂ ಮೊದಲು ಇಡೀ ಅಂಗೈಯಿಂದ ಬಾಚುತ್ತಿತ್ತು. ಈ ಹಿಡಿತ ಬಂತು ಅಂದರೆ ನೆಲದ ಮೇಲಿನ ಮಣಿ, ಗುಂಡಿ, ಬಟನ್ ಬ್ಯಾಟರಿ ಎಲ್ಲ ಬಾಯಿಗೆ ಹೋಗುವ ಕಾಲ ಬಂತು ಅಂತ ತಿಳಿಯಿರಿ. ಬ್ಯಾಟರಿ ನುಂಗಿದ ಅನುಮಾನ ಬಂದರೂ ಆಸ್ಪತ್ರೆಗೆ ಓಡಬೇಕು.

ಯುದ್ಧದ ಬರಹಗಳಲ್ಲಿ ಇಕ್ಕಳ ದಾಳಿ ಅಂತ ಓದಿದರೆ ಅರ್ಥ ಸುಲಭ: ನಡುವಿನ ಶತ್ರುವನ್ನು ಎರಡೂ ಪಕ್ಕದಿಂದ ಸುತ್ತುವುದು. ಕ್ರಿ.ಪೂ. 216ರಲ್ಲಿ ಇಟಲಿಯ ಕ್ಯಾನೆ ಎಂಬಲ್ಲಿ ಕಾರ್ಥೇಜಿನ ಸೇನಾಪತಿ ಹ್ಯಾನಿಬಲ್ ರೋಮನ್ನರನ್ನು ಸೋಲಿಸಿದ್ದು ಹೀಗೆ.

ಇಕ್ಕಳ ಬಾಳಿಕೆ ಬರಬೇಕಾದರೆ

ಹೊಸ ಇಕ್ಕಳ ಆರಿಸುವಾಗ ಮುಚ್ಚಿ ಬೆಳಕಿಗೆ ಹಿಡಿಯಿರಿ. ಕತ್ತರಿಸುವ ಅಂಚುಗಳ ನಡುವೆ ಬೆಳಕು ಕಾಣಬಾರದು. ಹಿಡಿಗಳನ್ನು ಮೇಲೆ ಕೆಳಗೆ ಅಲುಗಾಡಿಸಿ ನೋಡಿ, ಕೀಲಿನಲ್ಲಿ ಆಟ ಇರಬಾರದು. ಆದರೂ ಸಲೀಸಾಗಿ ತೆರೆಯಬೇಕು. ಹಿಡಿಯ ಅಗಲ ಕೈಗೆ ಹೊಂದಬೇಕು. ಬಾಯಿ ಪೂರ್ತಿ ತೆರೆದಾಗಲೂ ಬೆರಳುಗಳು ಸುತ್ತಿಕೊಳ್ಳುವಂತಿರಲಿ. ದೊಡ್ಡದಿದ್ದರೆ ಒಳ್ಳೆಯದು ಅಂತ ಚಿಕ್ಕ ಕೈಯವರು ಭಾರೀ ಪ್ಲೇಯರ್ ಕೊಂಡರೆ ಹಿಡಿಯ ಕೊನೆ ಹಿಡಿಯಲು ಆಗುವುದೇ ಇಲ್ಲ.

ಕೆಲಸ ಮುಗಿದ ಮೇಲೆ ಒಣ ಬಟ್ಟೆಯಿಂದ ಒರೆಸಿ. ಆಗಾಗ ಕೀಲಿಗೆ ಒಂದು ಹನಿ ಮೆಷಿನ್ ಎಣ್ಣೆ ಬಿಟ್ಟು, ಹತ್ತಾರು ಸಲ ತೆರೆದು ಮುಚ್ಚಿ, ಹೊರಬಂದ ಎಣ್ಣೆಯನ್ನು ಒರೆಸಿ. ಹಿಡಿಯ ಮೇಲೆ ಎಣ್ಣೆ ಉಳಿಯಬಾರದು. ತುಕ್ಕು ಹಿಡಿದು ಬಿಗಿಯಾಗಿದ್ದರೆ ಸೀಮೆಎಣ್ಣೆಯಲ್ಲಿ ರಾತ್ರಿಯಿಡೀ ನೆನೆಸಿ, ತಂತಿ ಬ್ರಷ್‌ನಿಂದ ಉಜ್ಜಿ. ನೆನೆಸುವ ಜಾಗ ಒಲೆಯಿಂದ ದೂರ ಇರಲಿ. ಬಾಯಿಯ ಹಲ್ಲುಗಳ ಸಂದಿಯಲ್ಲಿ ಕೊಳೆ ತುಂಬಿದ್ದರೆ ಹಿಡಿತ ಜಾರುತ್ತದೆ, ಅಲ್ಲೂ ಬ್ರಷ್ ಆಡಿಸಿ. ಪ್ಲೇಯರನ್ನು ಬೆಂಕಿಗೆ ಹಿಡಿಯಬೇಡಿ, ಉಕ್ಕಿನ ಗಡಸು ಹೋಗುತ್ತದೆ. ಪಿನ್ಸರ್‌ನ ಬಾಯಿ ಮೊಂಡಾದರೆ ಅರದಿಂದ ಸ್ವಲ್ಪ ಸರಿಮಾಡಬಹುದು. ಪ್ಲೇಯರ್‌ನ ಕೀಲು ಸಡಿಲವಾಗಿ ಬಾಯಿಗಳು ಒಂದರ ಮೇಲೊಂದು ಸರಿಯುತ್ತಿದ್ದರೆ, ಅಥವಾ ಬಾಯಿಯಲ್ಲಿ ಬಿರುಕು ಕಂಡರೆ, ರಿಪೇರಿಗೆ ಹೋಗದೆ ಬದಲಾಯಿಸಿ.